ಊರಿಗೆ ಹೊರಟ ಹೊಸ ಫೋನು

ಹಬ್ಬಕ್ಕೆ ಊರಿಗೆ ಹೊರಡುವ ಮಕ್ಕಳು ತಂದೆಗೆ ಪಂಚೆಯನ್ನೂ ತಾಯಿಗೆ ಸೀರೆಯನ್ನೂ ಕೊಂಡೊಯ್ಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಈಚೆಗೆ ಆ ಚೀಲದಲ್ಲಿ ಒಂದು ಮೊಬೈಲು ಫೋನೂ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಕೊರಟಗೆರೆ ತಾಲ್ಲೂಕಿನ ಕೊಳಾಲದಂಥ ಊರಿಗೆ ಶನಿವಾರ ಹೋಗಿ ಇಳಿಯುತ್ತಾನೆ. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕಾಲ ಕುಳಿತು, “ಕೊಡಪ್ಪ ಇಲ್ಲಿ, ನಾನೇ ಮಾಡಿಕೊಡುತ್ತೇನೆ” ಎಂದು ಫೋನನ್ನು ತಾನೇ ಒತ್ತಿ, ತಿರುವಿ, ಅಣಿಗೊಳಿಸಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾನೆ. ಆರು ತಿಂಗಳು ಕಳೆಯುವಷ್ಟರಲ್ಲಿ, “ಯಾಕೋ ಫೋನು ಬಹಳ ನಿಧಾನವಾಗಿದೆ, ಬೇರೆಯದೇ ತರಬೇಕೇನೋ” ಎಂಬ ದೂರು ಬರುತ್ತದೆ.

ಬೇರೆಯದನ್ನು ತರುವ ಮುನ್ನ ಸ್ವಲ್ಪ ಯೋಚಿಸುವುದು ಒಳ್ಳೆಯದು. ನಿಧಾನವಾದ ಫೋನೆಲ್ಲವೂ ಮುದಿಯಾದ ಫೋನಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದರ ಹೊಟ್ಟೆ ತುಂಬಿರುತ್ತದೆ, ಇಲ್ಲವೆ ಮೈ ಕಾದಿರುತ್ತದೆ, ಅದೂ ಇಲ್ಲವೆಂದರೆ ಬ್ಯಾಟರಿ ದಣಿದಿರುತ್ತದೆ. ಈ ಮೂರನ್ನೂ ಮನೆಯಲ್ಲಿಯೇ ಕಂಡುಹಿಡಿಯಬಹುದು. ಆದರೆ ಅಣಿಗೊಳಿಸಿದವರು ಬೆಂಗಳೂರಿನಲ್ಲಿ, ಬಳಸುವವರು ಊರಿನಲ್ಲಿ ಎಂದಾದಾಗ ನೋಡುವವರೇ ಇರುವುದಿಲ್ಲ. ಆಗ ತಂದೆಯವರು ಅದನ್ನು ಯಾವುದೋ ಅಂಗಡಿಯ ಹುಡುಗನ ಕೈಗೆ, ಬೀಗದ ಸಂಖ್ಯೆಯೊಡನೆ, ಒಪ್ಪಿಸಬೇಕಾಗುತ್ತದೆ.

ಇದು ಲಘುವಾದ ವಿಷಯವಲ್ಲ. ಹೋಬಳಿಯ ಊರುಗಳಲ್ಲಿ ಫೋನು ಕುಶಲಪ್ರಶ್ನೆಯ ಸಾಧನವಾಗಿ ಮಾತ್ರ ಉಳಿದಿಲ್ಲ. ೨೦೦೦ದ ಸುಮಾರಿಗೆ ನಮ್ಮ ರಾಜ್ಯದ ‘ಭೂಮಿ’ ಯೋಜನೆಯು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗ ಅದರ ಪ್ರತಿಗಾಗಿ ತಾಲ್ಲೂಕು ಕಚೇರಿಗೆ ಹೋಗಬೇಕಾಗಿತ್ತು, ಇಂದು ಅದೇ ಪಹಣಿಯನ್ನು ಜಗಲಿಯ ಮೇಲೆ ಕುಳಿತು ಫೋನಿನಲ್ಲಿ ನೋಡಬಹುದು. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಹಣದ ಚೀಲವೂ ಫೋನಿನೊಳಗೆ ಸೇರಿತು. ೨೦೨೦ರ ಮುಂಗಾರಿನಲ್ಲಿ, ರೈತರು ತಮ್ಮ ಹೊಲದಲ್ಲಿ ತಾವೇ ನಿಂತು ಬೆಳೆಯ ಚಿತ್ರವನ್ನು ಮೊಬೈಲಿನಿಂದ ತೆಗೆದು ಬೆಳೆ ಸಮೀಕ್ಷೆಗೆ ಕಳುಹಿಸುವ ಏರ್ಪಾಡು ಪ್ರಾರಂಭವಾಯಿತು. ಬೆಳೆಹಾನಿಯ ಪರಿಹಾರಕ್ಕೂ ವಿಮೆಗೂ ಬೆಂಬಲ ಬೆಲೆಗೂ ಈ ಸಮೀಕ್ಷೆಯ ಮಾಹಿತಿ ಬೇಕಾಗುತ್ತದೆ. ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತವರಿಗೆ ಫೋನು “ಸ್ಥಳ ಸಾಲದು” ಎಂದು ಹೇಳಿ ಚಿತ್ರ ತೆಗೆಯಲು ನಿರಾಕರಿಸಿದರೆ ನಷ್ಟವೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದಕಾರಣ ಫೋನನ್ನು ಕೊಡುವುದರ ಜೊತೆಗೆ ಅದರ ಯಜಮಾನಿಕೆಯನ್ನೂ ಕೊಟ್ಟು ಬರುವುದು ಹೇಗೆಂಬುದನ್ನು ಈ ವಾರ ವಿಚಾರ ಮಾಡೋಣ.

ಮೊದಲ ಸಂಜೆಯ ಕೆಲಸ

ಮೊದಲನೆಯ ನಿಯಮವಿದು: ಒತ್ತುವ ಬೆರಳು ಬಳಸುವವರದೇ ಆಗಿರಲಿ. ಮಗನಾಗಲಿ ಮಗಳಾಗಲಿ ಪಕ್ಕದಲ್ಲಿ ಕುಳಿತು ಹೇಳಲಿ. ಹತ್ತು ನಿಮಿಷದ ಕೆಲಸ ಒಂದು ಗಂಟೆಯಾಗಬಹುದು. ಆ ಗಂಟೆಯು ವರ್ಷವಿಡೀ ಬಡ್ಡಿ ಕೊಡುತ್ತದೆ.

ಪೆಟ್ಟಿಗೆಯಿಂದ ತೆಗೆದ ಫೋನು ಮೊಟ್ಟಮೊದಲು ಭಾಷೆಯನ್ನು ಕೇಳುತ್ತದೆ. ಅಲ್ಲಿ ಕನ್ನಡವನ್ನೇ ಆರಿಸಿರಿ. ಫೋನಿನ ಕನ್ನಡವು ಕೆಲವೆಡೆ ತುಸು ಬಿರುಸಾಗಿದೆ ಎಂಬುದು ನಿಜ. ಆದರೂ ಓದಲು ಬರುವ ಬಿರುಸು ಮಾತು, ಓದಲು ಬಾರದ ನಯವಾದ ಮಾತಿಗಿಂತ ಮೇಲು. ಬಳಿಕ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿರಿ. ಕನ್ನಡ ಕೀಲಿಮಣೆಯನ್ನು ಸೇರಿಸಿರಿ. ಬೆರಳಿನಿಂದ ಬರೆಯುವುದು ಕಷ್ಟವೆನ್ನುವವರಿಗೆ ಕೀಲಿಮಣೆಯ ಮೇಲಿರುವ ಮೈಕಿನ ಗುರುತನ್ನು ತೋರಿಸಿರಿ. ಅದನ್ನು ಒತ್ತಿ ಮಾತನಾಡಿದರೆ ಫೋನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ.

ಎರಡನೆಯದು, ಖಾತೆ. ಆಂಡ್ರಾಯ್ಡ್ ಫೋನಿಗೆ ಗೂಗಲ್ ಖಾತೆಯೊಂದು ಬೇಕು. ಅವಸರದಲ್ಲಿ ಅಂಗಡಿಯವರ ಖಾತೆಯನ್ನೋ ಮಗನ ಖಾತೆಯನ್ನೋ ಹಾಕಿಬಿಡುವುದುಂಟು. ಇದು ಕೂಡದು. ಫೋನು ಯಾರದೋ ಖಾತೆಯೂ ಅವರದೇ ಆಗಿರಬೇಕು. ೨೦೧೫ರಿಂದೀಚೆಗೆ ಆಂಡ್ರಾಯ್ಡ್ ಫೋನುಗಳಿಗೆ ಒಂದು ಕಾವಲು ಬಂದಿದೆ: ಬೀಗದ ಸಂಖ್ಯೆ ಮರೆತು ಫೋನನ್ನು ಬಲವಂತವಾಗಿ ಅಳಿಸಿದರೆ, ಅದು ಹಿಂದಿನ ಖಾತೆಯ ಪಾಸ್‌ವರ್ಡನ್ನು ಕೇಳಿ ಬಾಗಿಲು ಹಾಕಿಕೊಂಡು ಕೂರುತ್ತದೆ. ಕಳ್ಳನನ್ನು ತಡೆಯಲು ಮಾಡಿದ ಈ ಉಪಾಯವು ಪಾಸ್‌ವರ್ಡ್ ತಿಳಿಯದ ಯಜಮಾನನನ್ನೂ ತಡೆಯುತ್ತದೆ. ಆದುದರಿಂದ ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು, ಜಮೀನಿನ ಪತ್ರಗಳೊಡನೆ ಬೀರುವಿನಲ್ಲಿ ಇಡುವುದು ಉತ್ತಮ. ಯುಪಿಐ ಪಿನ್ನನ್ನು ಮಾತ್ರ ಎಲ್ಲಿಯೂ ಬರೆಯತಕ್ಕದ್ದಲ್ಲ.

ಅದೇ ಪುಟದಲ್ಲಿ ಇನ್ನೊಂದು ಸಂಖ್ಯೆಯನ್ನು ಬರೆದಿಡಿರಿ. ಕರೆ ಮಾಡುವ ಅಂಕಿಗಳ ಪಟದಲ್ಲಿ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿದರೆ ೧೫ ಅಂಕಿಗಳ ಐಎಂಇಐ ಸಂಖ್ಯೆ ಕಾಣಿಸುತ್ತದೆ. ಇದು ಫೋನಿನ ಜನ್ಮಸಂಖ್ಯೆ. ಎರಡು ಸಿಮ್ಮಿನ ಫೋನಿಗೆ ಇಂಥವು ಎರಡು. ೨೦೨೩ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಪ್ರಾರಂಭಿಸಿದ ‘ಸಂಚಾರ ಸಾಥಿ’ ಎಂಬ ಏರ್ಪಾಡಿನಲ್ಲಿ, ಫೋನು ಕಳೆದುಹೋದಾಗ ಪೊಲೀಸರಿಗೆ ಕೊಟ್ಟ ದೂರಿನೊಡನೆ ಈ ಸಂಖ್ಯೆಯನ್ನು ಸಲ್ಲಿಸಿದರೆ, ಆ ಫೋನು ದೇಶದ ಯಾವ ಜಾಲದಲ್ಲಿಯೂ ಕೆಲಸ ಮಾಡದಂತೆ ತಡೆಯಬಹುದು.

ಹೊಸ ಫೋನು ಮೊದಲ ಒಂದೆರಡು ದಿನ ತುಸು ಬೆಚ್ಚಗಾಗಿ, ಸ್ವಲ್ಪ ತಡವರಿಸಿದರೆ ಗಾಬರಿ ಬೇಡ. ಆ ಹೊತ್ತಿನಲ್ಲಿ ಅದು ಆ್ಯಪ್‌ಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುತ್ತಲೂ ಹಳೆಯ ಚಿತ್ರಗಳನ್ನು ವಿಂಗಡಿಸುತ್ತಲೂ ಇರುತ್ತದೆ. ಒಂದು ರಾತ್ರಿ ವೈಫೈ ಇರುವ ಕಡೆ ಚಾರ್ಜಿಗೆ ಹಾಕಿ ಬಿಟ್ಟರೆ ಸಂಸಾರ ಹೂಡಿದ ಗಲಾಟೆ ಮುಗಿಯುತ್ತದೆ. ಸಾಧ್ಯವಿದ್ದರೆ ಈ ಕೆಲಸವನ್ನು ಬೆಂಗಳೂರಿನಲ್ಲಿಯೇ ಮುಗಿಸಿಕೊಂಡು ಊರಿಗೆ ಹೊರಡುವುದು ಲೇಸು.

ಬೀರು ಮತ್ತು ಮೇಜು

ಫೋನಿನಲ್ಲಿ ಎರಡು ಬಗೆಯ ಜಾಗಗಳಿವೆ. ಇವೆರಡನ್ನು ಬೆರೆಸಿಕೊಳ್ಳುವುದರಿಂದಲೇ ಅನೇಕ ತೊಡಕುಗಳು. ಒಂದು ಸಂಗ್ರಹ, ಅದು ಬೀರು ಇದ್ದಂತೆ. ಚಿತ್ರ, ಹಾಡು, ಆ್ಯಪ್ ಎಲ್ಲವೂ ಅಲ್ಲಿ ಶಾಶ್ವತವಾಗಿ ಇರುತ್ತವೆ. ಇನ್ನೊಂದು ರ‍್ಯಾಮ್, ಅದು ಬರೆಯುವ ಮೇಜು. ಈಗ ಓದುತ್ತಿರುವ ಕಾಗದಪತ್ರ ಮಾತ್ರ ಅದರ ಮೇಲಿರುತ್ತದೆ. ಅಂಗಡಿಯಲ್ಲಿ “ಆರು, ನೂರಿಪ್ಪತ್ತೆಂಟು” ಎನ್ನುವಾಗ ಮೊದಲನೆಯದು ಮೇಜಿನ ಅಳತೆ, ಎರಡನೆಯದು ಬೀರುವಿನ ಅಳತೆ. ಎರಡೂ ಜಿಬಿ ಎಂಬ ಮಾನದಲ್ಲಿ. ಬೀರುವಿನಲ್ಲಿ ಹತ್ತಿಪ್ಪತ್ತು ಜಿಬಿಯನ್ನು ಫೋನು ತನ್ನ ಸ್ವಂತ ಕಾರ್ಯವ್ಯವಸ್ಥೆಗೇ ತೆಗೆದುಕೊಳ್ಳುತ್ತದೆಂಬುದನ್ನು ಕೊಳ್ಳುವಾಗಲೇ ನೆನಪಿಡಬೇಕು.

ಬೀರು ತುಂಬಿದರೆ ಫೋನು ನಿಧಾನವಾಗುವುದೇಕೆ? ಒಳಗಿರುವ ಫ್ಲಾಷ್ ಚಿಪ್ಪಿನ ಸ್ವಭಾವವೇ ವಿಚಿತ್ರವಾದುದು. ಶಾಲೆಯ ಹಲಗೆಯ ಮೇಲೆ ಒಂದಕ್ಷರವನ್ನು ಒರೆಸಿ ಅಲ್ಲಿಯೇ ಇನ್ನೊಂದನ್ನು ಬರೆಯಬಹುದು. ಈ ಚಿಪ್ಪಿನಲ್ಲಿ ಹಾಗಾಗದು. ಒರೆಸುವುದಾದರೆ ಒಂದು ಇಡೀ ಹಲಗೆಯನ್ನೇ ಒರೆಸಬೇಕು. ಆ ಹಲಗೆಯಲ್ಲಿ ಉಳಿಯಬೇಕಾದ ಬರಹವನ್ನು ಮೊದಲು ಬೇರೊಂದು ಖಾಲಿ ಹಲಗೆಗೆ ನಕಲು ಮಾಡಿ, ಅನಂತರ ಹಳೆಯದನ್ನು ಒರೆಸಬೇಕು. ಖಾಲಿ ಹಲಗೆಗಳು ಸಾಕಷ್ಟಿದ್ದರೆ ಈ ಕೆಲಸ ಯಾರಿಗೂ ತಿಳಿಯದಂತೆ ನಡೆದುಹೋಗುತ್ತದೆ. ಇಲ್ಲದಿದ್ದರೆ ಒಂದು ಸಣ್ಣ ಸಂದೇಶವನ್ನು ಬರೆದಿಡಲೂ ಫೋನು ಹೆಣಗಾಡುತ್ತದೆ. ಹೀಗಾಗಿ ಬೀರುವಿನಲ್ಲಿ ಹತ್ತರಲ್ಲಿ ಒಂದೆರಡು ಪಾಲನ್ನು ಸದಾ ಖಾಲಿ ಇಡುವುದು ಜಾಣತನ.

ಬೀರುವನ್ನು ತುಂಬಿಸುವವರು ಯಾರು? ಊರಿನ ಮನೆಗಳಲ್ಲಿ ಬಹುಮಟ್ಟಿಗೆ ವಾಟ್ಸಾಪ್. ದಿನ ಬೆಳಗಾದರೆ ಹೂವು, ದೀಪ, ದೇವರ ಪಟಗಳೊಡನೆ ಬರುವ ಶುಭೋದಯಗಳು, ಮದುವೆಯ ವಿಡಿಯೊಗಳು, ಒಂದೇ ಔಷಧಿಯ ವಿಷಯವಾಗಿ ನಾಲ್ಕು ಗುಂಪುಗಳಿಂದ ಬಂದ ನಾಲ್ಕು ಪ್ರತಿಗಳು ಎಲ್ಲವೂ ತಾವಾಗಿಯೇ ಇಳಿದು ಕೂರುತ್ತವೆ. ಯಾರ ಪ್ರೀತಿಯನ್ನೂ ನೋಯಿಸದೆ ಇದನ್ನು ತಡೆಯುವ ದಾರಿಯಿದೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಸಂಗ್ರಹಕ್ಕೆ ಸಂಬಂಧಿಸಿದ ವಿಭಾಗವನ್ನು ತೆರೆದು, ಚಿತ್ರ ಮತ್ತು ವಿಡಿಯೊಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿರಿ. ಆಮೇಲೆ ಬೇಕಾದುದನ್ನು ಮಾತ್ರ ಒತ್ತಿ ನೋಡಬಹುದು. ಅದೇ ವಿಭಾಗದಲ್ಲಿ ೫ ಎಂಬಿಗಿಂತ ದೊಡ್ಡವೂ ಹಲವು ಬಾರಿ ಕೈಬದಲಾಗಿ ಬಂದವೂ ಆದ ಕಡತಗಳ ಪಟ್ಟಿ ಪ್ರತ್ಯೇಕವಾಗಿ ಇರುತ್ತದೆ. ತಿಂಗಳಿಗೊಮ್ಮೆ ಅಲ್ಲಿಂದ ಅಳಿಸಿದರೆ ಮನೆಯ ಕಸ ಗುಡಿಸಿದಂತಾಗುತ್ತದೆ. ಮೊಮ್ಮಗುವಿನ ಚಿತ್ರಗಳು ಆ ಕಸದೊಡನೆ ಹೋಗದಿರಲು, ಅವುಗಳ ಪ್ರತಿಯನ್ನು ಮೊದಲೇ ಖಾತೆಗೋ ಮಗನ ಗಣಕಯಂತ್ರಕ್ಕೋ ಸೇರಿಸಿರಬೇಕು.

ಇನ್ನು ಮೇಜಿನ ಮಾತು. ತೆರೆದ ಆ್ಯಪ್‌ಗಳನ್ನೆಲ್ಲ ಗಳಿಗೆಗೊಮ್ಮೆ ಮೇಲಕ್ಕೆ ಸರಿಸಿ ಮುಚ್ಚುವುದು ಬಹಳ ಜನರ ಅಭ್ಯಾಸ. ಇದರಿಂದ ಫೋನು ಹಗುರಾಗುತ್ತದೆಂಬ ನಂಬಿಕೆ ಸರಿಯಲ್ಲ. ಹಿಂದೆ ಬಳಸಿದ ಆ್ಯಪ್‌ಗಳನ್ನು ಫೋನು ಬೇಕೆಂದೇ ಮೇಜಿನ ಮೇಲೆ ಇಟ್ಟುಕೊಂಡಿರುತ್ತದೆ. ಜಾಗ ಬೇಕಾದಾಗ ತಾನೇ ಸರಿಸುತ್ತದೆ. ಪದೇ ಪದೇ ಮುಚ್ಚಿದರೆ ಪ್ರತಿ ಸಲವೂ ಮೊದಲಿನಿಂದ ತೆರೆಯಬೇಕಾಗಿ ಹೊತ್ತೂ ಬ್ಯಾಟರಿಯೂ ಹೆಚ್ಚು ಖರ್ಚಾಗುತ್ತವೆ. ಒಂದು ಆ್ಯಪ್ ಕೆಟ್ಟು ನಿಂತಾಗ ಅದೊಂದನ್ನು ಮುಚ್ಚಿದರೆ ಸಾಕು. ಹಾಗೆಯೇ “ನಿಮ್ಮ ಫೋನನ್ನು ಶುಚಿಗೊಳಿಸುತ್ತೇವೆ, ವೇಗ ಹೆಚ್ಚಿಸುತ್ತೇವೆ” ಎಂದು ಜಾಹೀರಾತಿನ ಮೂಲಕ ಒಳಬರುವ ಆ್ಯಪ್‌ಗಳನ್ನು ದೂರವಿಡಬೇಕು. ಅವುಗಳಲ್ಲಿ ಬಹುಪಾಲು ತಾವೇ ಮೇಜಿನ ಅರ್ಧವನ್ನು ಆಕ್ರಮಿಸಿ, ಉಳಿದರ್ಧದಲ್ಲಿ ಜಾಹೀರಾತುಗಳನ್ನು ಹರಡುತ್ತವೆ.

ಬಿಸಿಲು, ಬೆಟ್ಟ ಮತ್ತು ಬ್ಯಾಟರಿ

ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆಗಳ ಮೇಲೆ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ಹರಡಿದೆ. ಅಲ್ಲಿ ವಿದ್ಯುತ್ತಾಗುವ ಬಿಸಿಲೇ ನಮ್ಮ ಫೋನಿಗೆ ಶತ್ರು. ಫೋನುಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ ೧೯೯೧ರಲ್ಲಿ ಮೊದಲು ಮಾರುಕಟ್ಟೆಗೆ ಬಂದಿತು. ಅದನ್ನು ರೂಪಿಸಿದ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಬ್ಯಾಟರಿಯು ಶಾಖವನ್ನು ಸಹಿಸುವುದಿಲ್ಲ. ಐಫೋನಿನ ತಯಾರಕರು ತಮ್ಮ ಫೋನನ್ನು ೩೫ ಡಿಗ್ರಿಯ ಒಳಗಿನ ಹವೆಯಲ್ಲಿ ಬಳಸಿರೆಂದು ಸೂಚಿಸುತ್ತಾರೆ. ನಮ್ಮ ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನಗಳು ಆ ಗೆರೆಯನ್ನು ದಾಟುವುದು ಅಪರೂಪವಲ್ಲ. ಕಾದ ಫೋನು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಡಿಗೆಯನ್ನು ನಿಧಾನ ಮಾಡಿಕೊಳ್ಳುತ್ತದೆ. ಆಗ ಅದನ್ನು ಬೈಯದೆ ಹತ್ತು ನಿಮಿಷ ನೆರಳಿನಲ್ಲಿಡಬೇಕು. ಶೀತಕಪೆಟ್ಟಿಗೆಯಲ್ಲಿ ಇಡಬಾರದು, ಒಳಗೆ ನೀರು ಇಬ್ಬನಿಯಾಗಿ ಕೂಡುತ್ತದೆ. ಚಾರ್ಜಿಗೆ ಹಾಕಿ ದಿಂಬಿನ ಕೆಳಗಿಡುವುದೂ, ಚಾರ್ಜಾಗುತ್ತಿರುವಾಗಲೇ ವಿಡಿಯೊ ನೋಡುವುದೂ ಬೇಡ.

ಬೆಟ್ಟಗುಡ್ಡಗಳ ನಡುವಿನ ಊರುಗಳಲ್ಲಿ ಬ್ಯಾಟರಿಗೆ ಇನ್ನೊಂದು ಕಾಟವಿದೆ. ಗೋಪುರದಿಂದ ಬರುವ ಸಂಕೇತ ಕ್ಷೀಣವಾಗಿದ್ದರೆ, ಫೋನು ತನ್ನ ದನಿಯನ್ನು ಏರಿಸಿ ಕೂಗಬೇಕಾಗುತ್ತದೆ. ಸಂಕೇತ ಸಿಕ್ಕು ತಪ್ಪಿ ಮತ್ತೆ ಸಿಕ್ಕು, ಅದರ ಹುಡುಕಾಟದಲ್ಲಿಯೇ ಬ್ಯಾಟರಿ ಕರಗಿ ಮೈ ಬಿಸಿಯಾಗುತ್ತದೆ. ಬೆಂಗಳೂರಿನಲ್ಲಿ ರಾತ್ರಿಯವರೆಗೆ ಬಂದ ಫೋನು ಊರಿನಲ್ಲಿ ಮಧ್ಯಾಹ್ನಕ್ಕೇ ಮುಗಿದುಹೋದರೆ ಯಂತ್ರದಲ್ಲಿ ದೋಷವಿದೆಯೆಂದು ತಕ್ಷಣ ತೀರ್ಮಾನಿಸಬಾರದು. ೫ಜಿ ಬಂದು ಹೋಗಿ ಮಾಡುವ ಕಡೆ ಸೆಟ್ಟಿಂಗ್ಸಿನಲ್ಲಿ ೪ಜಿಯನ್ನು ಆರಿಸಿದರೆ ಸಾಕಷ್ಟು ಉಳಿತಾಯವಾಗುತ್ತದೆ. ಸಂಕೇತ ಯಾವ ಕಂಪೆನಿಯದು ಗಟ್ಟಿಯೆಂದು ಊರವರನ್ನು ಕೇಳಿಯೇ ಸಿಮ್ಮು ಕೊಳ್ಳಬೇಕು.

ಬ್ಯಾಟರಿ ಸವೆಯುವ ವಸ್ತು. ೨೦೨೫ರ ಜೂನಿನಿಂದ ಯೂರೋಪಿನ ಒಕ್ಕೂಟದಲ್ಲಿ ಜಾರಿಗೆ ಬಂದ ನಿಯಮದಂತೆ, ಅಲ್ಲಿ ಮಾರುವ ಫೋನಿನ ಬ್ಯಾಟರಿಯು ೮೦೦ ಬಾರಿ ಪೂರ್ತಿ ತುಂಬಿ ಖಾಲಿಯಾದ ಮೇಲೂ ಮೊದಲಿನ ಶಕ್ತಿಯ ನೂರಕ್ಕೆ ೮೦ ಪಾಲನ್ನು ಉಳಿಸಿಕೊಂಡಿರಬೇಕು. ದಿನಕ್ಕೊಂದರಂತೆ ಲೆಕ್ಕ ಹಾಕಿದರೆ ಎರಡು ವರ್ಷದ ಮೇಲಾಯಿತು. ಪೂರ್ತಿ ಬರಿದಾಗುವವರೆಗೆ ಕಾಯದೆ, ಇಪ್ಪತ್ತಕ್ಕೆ ಇಳಿದಾಗ ಹಾಕಿ ಎಂಬತ್ತು, ತೊಂಬತ್ತಕ್ಕೆ ತೆಗೆದರೆ ಈ ಆಯುಷ್ಯ ಇನ್ನಷ್ಟು ಬೆಳೆಯುತ್ತದೆ. ವಿದ್ಯುತ್ತಿನ ಬಿಲ್ಲಿನ ಚಿಂತೆ ಬೇಡ. ೫,೦೦೦ ಎಂಎಎಚ್ ಬ್ಯಾಟರಿಯನ್ನು ದಿನವೂ ಪೂರ್ತಿ ತುಂಬಿದರೂ ತಿಂಗಳಿಗೆ ಒಂದು ಯೂನಿಟ್ಟಾಗುವುದಿಲ್ಲ.

ಸವೆದ ಬ್ಯಾಟರಿಗೂ ನಿಧಾನಕ್ಕೂ ಇರುವ ನಂಟನ್ನು ಲೋಕವೆಲ್ಲ ಅರಿತದ್ದು ೨೦೧೭ರ ಡಿಸೆಂಬರಿನಲ್ಲಿ. ಹಳೆಯ ಐಫೋನುಗಳು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು, ಬ್ಯಾಟರಿ ಸವೆದಿರುವ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿರುವುದಾಗಿ ಆ್ಯಪಲ್ ಕಂಪೆನಿ ಆಗ ಒಪ್ಪಿಕೊಂಡಿತು. ಗಿರಾಕಿಗಳಿಗೆ ತಿಳಿಸದೆ ಹೀಗೆ ಮಾಡಿದುದಕ್ಕಾಗಿ ೨೦೨೦ರಲ್ಲಿ ಫ್ರಾನ್ಸಿನಲ್ಲಿ ಎರಡೂವರೆ ಕೋಟಿ ಯೂರೊ ದಂಡವನ್ನೂ ತೆತ್ತಿತು. ಫೋನು ಮುದಿಯಾಯಿತೆಂದು ಬಗೆದಿದ್ದ ಎಷ್ಟೋ ಮಂದಿಗೆ ಹೊಸ ಬ್ಯಾಟರಿ ಹಾಕಿಸಿದೊಡನೆ ಹಳೆಯ ವೇಗ ಮರಳಿ ದೊರೆಯಿತು. ಮಗ ಬಳಸಿ ಬಿಟ್ಟ ಫೋನನ್ನು ತಾಯಿಗೆ ಕೊಡುವ ಮನೆಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಮೂರು ವರ್ಷ ದುಡಿದ ಫೋನನ್ನು ಕೊಡುವುದಾದರೆ ಕಂಪೆನಿಯ ಅಧಿಕೃತ ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿ, ಹಳೆಯದನ್ನೆಲ್ಲ ಅಳಿಸಿ ಕೊಡಿರಿ. ಹಿಂಬದಿ ಉಬ್ಬಿರುವ ಫೋನನ್ನು ಮಾತ್ರ ಯಾರಿಗೂ ಕೊಡಬಾರದು, ಚಾರ್ಜಿಗೂ ಹಾಕಬಾರದು.

ನಿಧಾನವೆನಿಸಿದಾಗ ಕ್ರಮವಾಗಿ

ಇಷ್ಟಾದ ಮೇಲೂ ದೂರು ಬಂದರೆ ಒಂದು ಕ್ರಮದಲ್ಲಿ ಪರೀಕ್ಷಿಸಬೇಕು. ಮೊದಲು ಫೋನನ್ನು ಒಮ್ಮೆ ಆರಿಸಿ ಹಚ್ಚಿರಿ; ಅರ್ಧಕ್ಕರ್ಧ ತೊಂದರೆಗಳು ಇಲ್ಲಿಯೇ ಮುಗಿಯುತ್ತವೆ. ಎರಡನೆಯದಾಗಿ ಬೀರುವಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ನೋಡಿರಿ. ಮೂರನೆಯದಾಗಿ, ಕಾರ್ಯವ್ಯವಸ್ಥೆಯ ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಿರಿ. ಅದರಲ್ಲಿ ಕಳ್ಳಕಿಂಡಿಗಳನ್ನು ಮುಚ್ಚುವ ತೇಪೆಗಳೂ ಇರುತ್ತವಾದ್ದರಿಂದ ಮುಂದೂಡಬಾರದು. ನಾಲ್ಕನೆಯದಾಗಿ, ತೊಂದರೆ ಪ್ರಾರಂಭವಾದ ದಿನಗಳಲ್ಲಿ ಹೊಸದಾಗಿ ಸೇರಿದ ಆ್ಯಪ್ ಯಾವುದೆಂದು ನೆನೆದು ತೆಗೆದುಹಾಕಿರಿ. ಐದನೆಯದಾಗಿ ಬ್ಯಾಟರಿಯ ಪರೀಕ್ಷೆ. ಇವಾವುದರಿಂದಲೂ ಗುಣ ಕಾಣದಿದ್ದರೆ ಮಾತ್ರ, ಚಿತ್ರಗಳ ಮತ್ತು ದೂರವಾಣಿ ಸಂಖ್ಯೆಗಳ ಪ್ರತಿ ತೆಗೆದಿಟ್ಟು, ಫೋನನ್ನು ಸಂಪೂರ್ಣ ಅಳಿಸಿ ಮೊದಲಿನಿಂದ ಅಣಿಗೊಳಿಸುವುದು. ಹೊಸ ಫೋನಿನ ಮಾತು ಇದಾದ ಮೇಲೆ. ಆಗಲೂ, “ಇದಕ್ಕೆ ಎಷ್ಟು ವರ್ಷ ಸುರಕ್ಷತೆಯ ತೇಪೆಗಳು ಬರುತ್ತವೆ?” ಎಂಬ ಪ್ರಶ್ನೆಯನ್ನು ಕ್ಯಾಮೆರಾದ ಪ್ರಶ್ನೆಗಿಂತ ಮುಂಚೆ ಕೇಳಬೇಕು.

ಈ ಕೆಲಸಗಳಲ್ಲಿ ಯಾವುದಕ್ಕೂ ಅಪರಿಚಿತರ ನೆರವು ಬೇಕಾಗಿಲ್ಲ. “ನಿಮ್ಮ ಫೋನು ಸರಿಪಡಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ” ಎಂದು ಕರೆ ಮಾಡಿದವರು ಪರದೆಯನ್ನು ದೂರದಿಂದಲೇ ನೋಡಿ ಹಣ ದೋಚುವ ಪ್ರಕರಣಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಯುಪಿಐ ಪಿನ್ ಒತ್ತಬೇಕಾದುದು ಹಣ ಕೊಡುವಾಗ ಮಾತ್ರ, ಪಡೆಯುವಾಗ ಅಲ್ಲ ಎಂಬ ಒಂದು ವಾಕ್ಯವನ್ನು ಹಿರಿಯರಿಗೆ ಮನದಟ್ಟು ಮಾಡಿಕೊಡಿರಿ. ಮೋಸವಾದರೆ ಒಡನೆಯೇ ೧೯೩೦ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಕೊನೆಯದಾಗಿ, ಅರ್ಧ ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಇಷ್ಟನ್ನು ಬರೆದು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿ ಬನ್ನಿರಿ. ವಾರಕ್ಕೊಮ್ಮೆ ಫೋನನ್ನು ಆರಿಸಿ ಹಚ್ಚುವುದು. ತಿಂಗಳಿಗೊಮ್ಮೆ ವಾಟ್ಸಾಪಿನ ದೊಡ್ಡ ವಿಡಿಯೊಗಳನ್ನು ಅಳಿಸುವುದು. ಬೆಳೆ ಸಮೀಕ್ಷೆಗೆ ಹೊಲಕ್ಕೆ ಹೊರಡುವ ಹಿಂದಿನ ರಾತ್ರಿ ಜಾಗವನ್ನೂ ಚಾರ್ಜನ್ನೂ ನೋಡಿಕೊಳ್ಳುವುದು. ಯುಗಾದಿಗೊಮ್ಮೆ ಬ್ಯಾಟರಿಯ ಸ್ಥಿತಿಯನ್ನು ವಿಚಾರಿಸುವುದು. ಮೋಸಕ್ಕೆ ೧೯೩೦. ಮುಂದಿನ ಸಲ ಊರಿಗೆ ಹೋದಾಗ ಫೋನನ್ನು ತಂದೆಯವರ ಕೈಯಿಂದ ತೆಗೆದುಕೊಳ್ಳಬೇಡಿರಿ. ಎಷ್ಟು ಜಾಗ ಉಳಿದಿದೆಯೆಂದು ಅವರನ್ನೇ ಕೇಳಿರಿ. ಅವರು ನೋಡಿ ಹೇಳಿದರೆ ನೀವು ಕೊಟ್ಟ ಫೋನು ನಿಜವಾಗಿಯೂ ಅವರಿಗೆ ಸೇರಿದೆಯೆಂದು ತಿಳಿಯಿರಿ.